ದಶಲಕ್ಷದಲ್ಲಿ ಹತ್ತು ಪಾಲು ಗಂಧಕ

ಜೆಟ್ ಎಂಜಿನ್‌ನಲ್ಲಿ ಟರ್ಬೈನ್ ಅಲಗುಗಳಿಗೆ ಬಡಿಯುವ ಅನಿಲವು ನಿಕಲ್ ಕರಗುವ 1455 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಬಿಸಿಯಾಗಿರುತ್ತದೆ. ಅಲಗುಗಳೂ ನಿಕಲ್ ಮಿಶ್ರಲೋಹದವೇ. ಒಳಗಿನ ಸಣ್ಣ ನಾಳಗಳಲ್ಲಿ ಹರಿಯುವ ಗಾಳಿ ಅವು ಕರಗದಂತೆ ತಡೆಯುತ್ತದೆ. ಆಮ್ಲಜನಕದಿಂದ ಕಾಯುವುದು ಕೆಲವೇ ಮೈಕ್ರೋಮೀಟರ್ ದಪ್ಪದ ಅಲ್ಯೂಮಿನಾ ಪದರ. ಮಿಶ್ರಲೋಹದೊಳಗಿನ ಅಲ್ಯೂಮಿನಿಯಂ ಮೇಲ್ಮೈಯಲ್ಲಿ ಆಮ್ಲಜನಕವನ್ನು ಕೂಡಿ ತಾನಾಗಿಯೇ ಈ ಪದರವನ್ನು ಕಟ್ಟುತ್ತದೆ. ಇಷ್ಟು ಚೆಲುವಾದ ರಕ್ಷಣೆ ಲೋಹಶಾಸ್ತ್ರದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಅದರ ಪರೀಕ್ಷೆ ಎಂಜಿನ್ ತಣಿಯುವಾಗ. ಲೋಹ ಕುಗ್ಗಿದಷ್ಟು ಅಲ್ಯೂಮಿನಾ ಕುಗ್ಗುವುದಿಲ್ಲ. ಬಿಗಿತಕ್ಕೆ ಸಿಕ್ಕಿದ ಪದರ ಉಬ್ಬಿ, ಗೋಡೆಯ ಹಳೆಯ ಸುಣ್ಣದಂತೆ ಚಕ್ಕೆಯಾಗಿ ಕಳಚುತ್ತದೆ. ಕಳಚಿದಾಗಲೆಲ್ಲ ಹೊಸ ಪದರಕ್ಕೆ ಅಲ್ಯೂಮಿನಿಯಂ ವೆಚ್ಚವಾಗುತ್ತದೆ. ಅದು ಬರಿದಾದರೆ ನಿಕಲ್ ತಾನೇ ಆಮ್ಲಜನಕಕ್ಕೆ ತುತ್ತಾಗತೊಡಗುತ್ತದೆ.

ಯಿಟ್ರಿಯಂ, ಸೀರಿಯಂನಂಥ ಧಾತುಗಳನ್ನು ಚಿಟಿಕೆಯಷ್ಟು ಬೆರೆಸಿದರೆ ಪದರ ಗಟ್ಟಿಯಾಗಿ ಕೂರುತ್ತದೆ ಎಂಬುದು 1937ರ ಹೊತ್ತಿಗೇ ಗೊತ್ತಿತ್ತು. ಏಕೆ ಎಂಬುದಕ್ಕೆ ಹತ್ತಾರು ವಿವರಣೆಗಳು ಬಂದವು: ಅವು ಮೊಳೆಗಳಂತೆ ಪದರವನ್ನು ಲೋಹಕ್ಕೆ ಬಿಗಿಯುತ್ತವೆ ಎಂದವರೂ ಇದ್ದರು. ಗಂಧಕದ ಕಡೆ ಗಮನ ಹರಿದದ್ದು 1980ರ ದಶಕದಲ್ಲಿ. ಮಿಶ್ರಲೋಹದಲ್ಲಿ ಅದರ ಪ್ರಮಾಣ ದಶಲಕ್ಷಕ್ಕೆ ಹತ್ತು ಪಾಲಿನ ಆಸುಪಾಸು, ಅಂದರೆ ಟನ್ನಿಗೆ ಹತ್ತು ಗ್ರಾಂ. ಆದರೆ ಕಾದ ಲೋಹದಲ್ಲಿ ಗಂಧಕ ಚದುರಿಕೊಂಡು ಇರುವುದಿಲ್ಲ; ಪದರ ಮತ್ತು ಲೋಹ ಕೂಡುವ ಗಡಿಗೆ ನುಸುಳಿ ಅಲ್ಲಿನ ಬಂಧವನ್ನು ಸಡಿಲಿಸುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಮಿಲಿಮೀಟರ್ ದಪ್ಪದ ತಗಡಿನಲ್ಲಿ ದಶಲಕ್ಷಕ್ಕೆ ಒಂದೇ ಪಾಲು ಗಂಧಕವಿದ್ದರೂ, ಎರಡೂ ಮುಖಗಳ ಮೇಲೆ ಒಂದು ಪರಮಾಣುವಿನ ದಪ್ಪಕ್ಕೆ ಹರಡಲು ಅದು ಧಾರಾಳವಾಗಿ ಸಾಕು.

ನಾಸಾದ ಜೇಮ್ಸ್ ಸ್ಮಿಯಾಲೆಕ್ ಇದನ್ನು ಸೊಗಸಾಗಿ ತೋರಿಸಿದರು. ಯಿಟ್ರಿಯಂ ಇಲ್ಲದ ಮಿಶ್ರಲೋಹವನ್ನು ಕಾಯಿಸುವುದು, ಪದರವನ್ನು ಉಜ್ಜಿ ತೆಗೆಯುವುದು, ಮತ್ತೆ ಕಾಯಿಸುವುದು. ಪ್ರತಿ ಸುತ್ತಿನಲ್ಲೂ ಗಡಿಗೆ ಬಂದ ಗಂಧಕ ಪದರದ ಜೊತೆ ಹೋಯಿತು. ಕೊನೆಗೆ ಯಿಟ್ರಿಯಂನ ನೆರವಿಲ್ಲದೆಯೇ ಅಲ್ಯೂಮಿನಾ ಕಚ್ಚಿಕೊಂಡು ನಿಂತಿತು. ಯಿಟ್ರಿಯಂನ ದೊಡ್ಡ ಉಪಕಾರವೆಂದರೆ ಗಂಧಕವನ್ನು ಲೋಹದೊಳಗೇ ಹಿಡಿದಿಟ್ಟುಕೊಳ್ಳುವುದು ಎಂಬುದು ಹೀಗೆ ಸ್ಪಷ್ಟವಾಯಿತು. ಪದರ ಬೆಳೆಯುವ ವೇಗವನ್ನು ತಗ್ಗಿಸುವ ಕೆಲಸವೂ ಅದಕ್ಕಿದೆ.

ಎರಕದಲ್ಲಿ ಯಿಟ್ರಿಯಂ ಅಚ್ಚಿನ ಸೆರಾಮಿಕ್‌ನೊಂದಿಗೆ ವರ್ತಿಸಿ ನಷ್ಟವಾಗುವುದರಿಂದ, ಗಂಧಕವನ್ನೇ ಹೊರಹಾಕುವ ದಾರಿಗೆ ಬೆಲೆ ಬಂದಿದೆ. ಸುಮಾರು 1200 ಡಿಗ್ರಿಯಲ್ಲಿ ಹೈಡ್ರೋಜನ್ ಅನಿಲದ ನಡುವೆ ಗಂಟೆಗಟ್ಟಲೆ ಕಾಯಿಸಿದರೆ ಗಂಧಕ ದಶಲಕ್ಷಕ್ಕೆ ಒಂದು ಪಾಲಿಗಿಂತ ಕೆಳಗಿಳಿಯುತ್ತದೆ.