ಹೊಲಿಗೆ ಬಿಚ್ಚಿದ ಮೇಲೂ ಬಿಡದ ತಲೆನೋವು

ಆಪರೇಷನ್ ಚೆನ್ನಾಗಿಯೇ ಆಗಿದೆ. ಹೊಲಿಗೆ ಬಿಚ್ಚಿಯೂ ಆಯಿತು. ಸ್ಕ್ಯಾನ್ ನೋಡಿದ ಡಾಕ್ಟರು ಎಲ್ಲ ಸರಿಯಾಗಿದೆ ಅನ್ನುತ್ತಾರೆ. ಆದರೆ ಕುತ್ತಿಗೆಯ ಮೇಲ್ತುದಿಯಲ್ಲಿ ಹಿಡಿದುಕೊಂಡ ನೋವು ತಲೆಯ ಹಿಂಭಾಗ ಹತ್ತಿ, ಒಂದು ಕಣ್ಣಿನ ಹಿಂದೆ ಬಂದು ಕೂರುತ್ತದೆ. ತಿಂಗಳುಗಟ್ಟಲೆ ಹೋಗುವುದಿಲ್ಲ. ಮಿದುಳು, ಕುತ್ತಿಗೆಯ ಮೂಳೆ, ಥೈರಾಯ್ಡ್ ಆಪರೇಷನ್ ಆದವರಲ್ಲಿ ಹೀಗೆ ಹೇಳುವವರು ಕಡಿಮೆಯೇನಿಲ್ಲ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ನೋವು ಸುಳ್ಳಲ್ಲ. ಸ್ನಾಯು ಎಷ್ಟು ಬಿಗಿದಿದೆ, ನರ ಎಷ್ಟು ಕೆರಳಿದೆ ಅನ್ನುವುದು ಸಾಮಾನ್ಯ ಸ್ಕ್ಯಾನ್‌ನಲ್ಲಿ ಕಾಣುವುದೇ ಇಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ: ಎದ್ದು ಕೂತರೆ ನೋವು ಜಾಸ್ತಿಯಾಗಿ, ಮಲಗಿದರೆ ಇಳಿಯುತ್ತದೆಯೇ? ಹಾಗಿದ್ದರೆ ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವ ಎಲ್ಲೋ ಸೋರುತ್ತಿರಬಹುದು. ಬೆನ್ನಿಗೆ ಸೂಜಿ ಹಾಕಿ ಅರಿವಳಿಕೆ ಕೊಟ್ಟ ಮೇಲೂ ಇದು ಆಗಬಹುದು. 1898ರಲ್ಲಿ ಈ ಅರಿವಳಿಕೆಯನ್ನು ಮೊದಲು ಬಳಸಿದ ಜರ್ಮನಿಯ ಆಗಸ್ಟ್ ಬಿಯರ್, ಪರೀಕ್ಷೆಗೆ ತಮ್ಮ ಬೆನ್ನನ್ನೇ ಒಡ್ಡಿ ಈ ತಲೆನೋವನ್ನು ಸ್ವತಃ ಅನುಭವಿಸಿದರು. ಇದು ಸಾಮಾನ್ಯವಾಗಿ ತಾನಾಗಿ ಕಡಿಮೆಯಾಗುತ್ತದೆ. ಆಗದಿದ್ದರೆ ರೋಗಿಯದೇ ಸ್ವಲ್ಪ ರಕ್ತ ತೆಗೆದು, ಸೋರುವ ಜಾಗದ ಹತ್ತಿರ ಚುಚ್ಚಿ ಮುಚ್ಚುತ್ತಾರೆ. ಇನ್ನು ಜ್ವರ, ಗಾಯದಿಂದಲೋ ಮೂಗಿನಿಂದಲೋ ತಿಳಿನೀರು, ಒಮ್ಮೆಗೇ ಸಿಡಿದ ತಲೆನೋವು, ಕೈಕಾಲಿನಲ್ಲಿ ಬಲ ಕುಂದುವುದು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದಿದ್ದರೂ ಮುಂದಿನದನ್ನು ಓದುತ್ತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಇವೆಲ್ಲ ಇಲ್ಲ ಅಂತ ಖಚಿತವಾದರೆ, ಸಾಮಾನ್ಯವಾಗಿ ಕುತ್ತಿಗೆಯನ್ನೇ ವಿಚಾರಿಸಬೇಕಾಗುತ್ತದೆ. ಹಣೆ, ಕಣ್ಣು, ಕೆನ್ನೆಯ ನೋವನ್ನು ಮಿದುಳಿಗೆ ತಲುಪಿಸುವುದು ಟ್ರೈಜೆಮಿನಲ್ ಅನ್ನುವ ನರ. ಕುತ್ತಿಗೆಯ ಮೇಲಿನ ಕೀಲು, ಸ್ನಾಯುಗಳ ನೋವನ್ನು ತಲುಪಿಸುವುದು ಅಲ್ಲಿನ ಮೊದಲ ಮೂರು ಜೋಡಿ ನರಗಳು. ವಿಚಿತ್ರವೆಂದರೆ ಇವೆರಡೂ ಬೆನ್ನುಹುರಿಯ ಮೇಲ್ಭಾಗದಲ್ಲಿ ಒಂದೇ ಜೀವಕೋಶಗಳ ಗುಂಪಿಗೆ ಬಂದು ಸೇರುತ್ತವೆ. ಅಲ್ಲಿಂದ ಮುಂದೆ ಹೋದ ಸುದ್ದಿ ಕುತ್ತಿಗೆಯದೋ ಕಣ್ಣಿನದೋ ಅಂತ ಮಿದುಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ತೊಂದರೆ ಕುತ್ತಿಗೆಯಲ್ಲಿ, ನೋವು ಹಣೆಯಲ್ಲಿ. ಹಣೆಗೆ ಎಷ್ಟು ಮುಲಾಮು ತಿಕ್ಕಿದರೂ ನೋವು ಜಗ್ಗದಿರುವುದು ಇದಕ್ಕೇ.

ಕುತ್ತಿಗೆಗೆ ಏನಾಯಿತು ಅಂತ ಕೇಳಿದರೆ, ಸಾಕಷ್ಟು ಆಗಿರುತ್ತದೆ. ಥೈರಾಯ್ಡ್ ಆಪರೇಷನ್‌ನಲ್ಲಿ ತಲೆಯನ್ನು ಹಿಂದಕ್ಕೆ ಬಾಗಿಸಿ ಇಟ್ಟಿರುತ್ತಾರೆ. ಮಿದುಳಿನ ಆಪರೇಷನ್‌ನಲ್ಲಿ ಕೆಲವೊಮ್ಮೆ ತಲೆಯನ್ನು ಒಂದು ಕಡೆ ತಿರುಗಿಸಿ, ಪಿನ್ನುಗಳಲ್ಲಿ ಬಿಗಿದು, ಗಂಟೆಗಟ್ಟಲೆ ಹಾಗೇ ಹಿಡಿದಿರುತ್ತಾರೆ. ಎಚ್ಚರವಿದ್ದಿದ್ದರೆ ನಾವು ಅಷ್ಟು ಹೊತ್ತು ಹಾಗಿರುತ್ತಲೇ ಇರಲಿಲ್ಲ, ಅಲ್ವಾ? ಬುರುಡೆಯ ಹಿಂದಿನಿಂದ ಒಳಹೋಗುವಾಗ ಅಲ್ಲಿನ ಸ್ನಾಯುಗಳನ್ನು ಬಿಡಿಸಲೇಬೇಕು. ಮನೆಗೆ ಬಂದ ಮೇಲೆ ಹೆದರಿಕೆ ಬೇರೆ. ಎಲ್ಲಿ ನೋಯುತ್ತದೋ ಅಂತ ಕುತ್ತಿಗೆ ಅಲ್ಲಾಡಿಸುವುದೇ ಇಲ್ಲ. ತಿರುಗಬೇಕಾದರೆ ಭುಜದ ಸಮೇತ ತಿರುಗುತ್ತೇವೆ.

ಇದರ ಏಟು ಬೀಳುವುದು ಕುತ್ತಿಗೆಯ ಒಳಗಿನ ಸ್ನಾಯುಗಳಿಗೆ. ಮೂಳೆಗೆ ಅಂಟಿಕೊಂಡೇ ಇರುವ ಈ ತೆಳು ಸ್ನಾಯುಗಳು ಸುಮಾರು 5 ಕಿಲೋ ತೂಗುವ ತಲೆಯನ್ನು ಸದ್ದಿಲ್ಲದೆ ಹಿಡಿದಿರುತ್ತವೆ. ನೋವು ಬಂದರೆ ಇವು ಮಂಕಾಗುತ್ತವೆ, ಹೊರಗಿನ ದಪ್ಪ ಸ್ನಾಯುಗಳು ಆ ಕೆಲಸ ಹೊತ್ತುಕೊಂಡು ಬಿಗಿಯುತ್ತವೆ. ಸುಮ್ನೆ ಮಲಗಿದ್ದರೆ ಒಳಗಿನವು ಎಚ್ಚೆತ್ತುಕೊಳ್ಳುವುದಿಲ್ಲ.

ಎಬ್ಬಿಸುವ ವ್ಯಾಯಾಮ ನೋಡುವವರಿಗೆ ವ್ಯಾಯಾಮದ ಹಾಗೇ ಕಾಣುವುದಿಲ್ಲ. ಬೆನ್ನ ಮೇಲೆ ಮಲಗಿ ಮಂಡಿ ಮಡಚಬೇಕು. ತಲೆ ಎತ್ತಬಾರದು. ಹೌದು ಅನ್ನುವಾಗ ತಲೆಯಾಡಿಸುತ್ತೇವಲ್ಲ, ಅಷ್ಟೇ ಮೆತ್ತಗೆ ಗಲ್ಲವನ್ನು ಎದೆಯ ಕಡೆಗೆ ತಂದು ಕೆಲವು ಸೆಕೆಂಡು ಹಿಡಿದು ಬಿಡಬೇಕು. ಹಲ್ಲು ಕಚ್ಚಬಾರದು, ಉಸಿರು ಕಟ್ಟಬಾರದು. ಬೆರಳನ್ನು ಕುತ್ತಿಗೆಯ ಪಕ್ಕದಲ್ಲಿಟ್ಟು ನೋಡಿ. ಅಲ್ಲಿನ ಸ್ನಾಯು ಹಗ್ಗದ ಹಾಗೆ ಎದ್ದರೆ ಬಲ ಜಾಸ್ತಿಯಾಯಿತು ಅಂತ ಅರ್ಥ. ಫಿಸಿಯೋಥೆರಪಿಸ್ಟ್‌ಗಳು ಕುತ್ತಿಗೆಯ ಅಡಿ ಗಾಳಿಯ ಪುಟ್ಟ ಚೀಲವಿಟ್ಟು, ಒತ್ತಡ ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ 20ರಿಂದ 22, 24 ಅಂತ ಎರಡೆರಡೇ ಏರುವುದನ್ನು ಮೀಟರಿನಲ್ಲಿ ತೋರಿಸುತ್ತಾರೆ. ಆಪರೇಷನ್ ಮಾಡಿದ ಡಾಕ್ಟರು ಒಪ್ಪುವ ತನಕ ಮಾತ್ರ ಇದನ್ನು ಶುರು ಮಾಡಬೇಡಿ. ಕುತ್ತಿಗೆಯ ಮೂಳೆ ಜೋಡಿಸಿದವರಿಗಂತೂ ಈ ಮಾತು ಇನ್ನೂ ಮುಖ್ಯ. ಯಾರಾದರೂ ನಿಮ್ಮ ಕುತ್ತಿಗೆಯನ್ನು ಲಟಕ್ ಅಂತ ತಿರುಗಿಸಲು ಬಂದರೆ ಬೇಡ ಅನ್ನಿ.

ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಗ್ವೆಂಡೊಲೆನ್ ಜಲ್ ಮತ್ತು ಸಂಗಡಿಗರು ಕುತ್ತಿಗೆಯಿಂದ ಬರುವ ತಲೆನೋವಿನ 200 ಜನರನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. 6 ವಾರ ಇಂಥ ಹಗುರ ವ್ಯಾಯಾಮ ಮಾಡಿದವರಿಗೂ ಕುತ್ತಿಗೆಯ ಕೀಲುಗಳನ್ನು ಕೈಯಿಂದ ಆಡಿಸುವ ಚಿಕಿತ್ಸೆ ಪಡೆದವರಿಗೂ ತಲೆನೋವು ಕಡಿಮೆಯಾಯಿತು. ಒಂದು ವರ್ಷದ ನಂತರವೂ ಆ ಲಾಭ ಉಳಿದಿತ್ತು. ಅದು ಆಪರೇಷನ್ ಆದವರಿಗಾಗಿಯೇ ಮಾಡಿದ ಪ್ರಯೋಗವಲ್ಲ ನಿಜ. ಆದರೂ ಮಾತ್ರೆಗಿಂತ ಮೊದಲು ನಾನು ಭರವಸೆ ಇಡುವುದು ಇದರ ಮೇಲೆ.

ಕೆಲವರದು ಬೇರೆ ಥರ. ಗಾಯದ ಕಲೆಯ ಹತ್ತಿರ ಒಂದೇ ಜಾಗ ಒತ್ತಿದರೆ ಕರೆಂಟು ಹೊಡೆದಂತೆ ನೋವು ನೆತ್ತಿಗೆ ಹರಿಯುತ್ತದೆ. ಅಲ್ಲಿನ ನರಕ್ಕೆ ಪೆಟ್ಟಾಗಿರಬಹುದು, ಕಲೆಯೊಳಗೆ ಸಿಕ್ಕಿಕೊಂಡಿರಲೂಬಹುದು. ಆ ನರದ ಪಕ್ಕ ಮರಗಟ್ಟಿಸುವ ಔಷಧಿ ಚುಚ್ಚಿದಾಗ ನೋವು ಇಳಿದರೆ, ಮೂಲ ಅದೇ ಅನ್ನುವುದಕ್ಕೆ ಒಳ್ಳೆಯ ಸುಳಿವು ಸಿಗುತ್ತದೆ. ಎಷ್ಟೋ ಜನರಿಗೆ ಔಷಧಿ ಇಳಿದ ಮೇಲೂ ವಾರಗಟ್ಟಲೆ ಆರಾಮ ಇರುತ್ತದೆ.

ನೋವು ತುಂಬಾ ದಿನ ಉಳಿದರೆ ನರಮಂಡಲವೇ ಸೂಕ್ಷ್ಮವಾಗುತ್ತದೆ. ತಲೆ ಬಾಚಿದರೂ ನೋಯುತ್ತದೆ. ಗಾಯದ ನಂತರ ಬೆನ್ನುಹುರಿಯ ಜೀವಕೋಶಗಳು ಹೀಗೆ ಕೆರಳುತ್ತವೆ ಅಂತ ನೋವಿನ ಸಂಶೋಧಕ ಕ್ಲಿಫರ್ಡ್ ವುಲ್ಫ್ 1983ರಲ್ಲಿ ಇಲಿಗಳಲ್ಲಿ ತೋರಿಸಿದರು. ರಾತ್ರಿ ಸಣ್ಣ ಪ್ರಮಾಣದಲ್ಲಿ ಅಮಿಟ್ರಿಪ್ಟಿಲಿನ್ ಅನ್ನುವ ಖಿನ್ನತೆಯ ಮಾತ್ರೆ ಬರೆದುಕೊಡುವುದು ಈ ಕೆರಳಿಕೆ ತಗ್ಗಿಸಲಿಕ್ಕೆ. ಖಿನ್ನತೆಯ ಮಾತ್ರೆ ನನಗ್ಯಾಕೆ ಅಂತ ನೊಂದುಕೊಳ್ಳಬೇಡಿ. ನಿದ್ದೆಗೆಟ್ಟಷ್ಟೂ ನೋವು ಹೆಚ್ಚು, ಹಾಗಾಗಿ ನಿದ್ದೆಯೂ ಇಲ್ಲಿ ಚಿಕಿತ್ಸೆಯೇ.

ಕೊನೆಗೆ, ಗೊತ್ತಿಲ್ಲದೆ ಬೀಳುವ ಒಂದು ಬಲೆ. ಪ್ಯಾರಾಸಿಟಮಾಲ್‌ನಂಥ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹಲವು ಔಷಧಿ ಬೆರೆಸಿದ ಮಾತ್ರೆ ಅಥವಾ ಓಪಿಯಾಯ್ಡ್‌ಗಳನ್ನು (ಅಫೀಮಿನ ಜಾತಿಯ ಬಲವಾದ ನೋವುನಿವಾರಕಗಳನ್ನು) 10 ದಿನ ಅಥವಾ ಹೆಚ್ಚು, 3 ತಿಂಗಳು ಮೀರಿ ತೆಗೆದುಕೊಂಡರೆ ಆ ಮಾತ್ರೆಗಳೇ ತಲೆನೋವು ತರಬಹುದು. ಬಿಟ್ಟರೆ ಮೊದಲ ಕೆಲವು ದಿನ ನೋವು ಜೋರಾಗುತ್ತದೆ. ಬಿಡುವುದು ತಪ್ಪಾಯಿತು ಅಂದುಕೊಂಡು ಮತ್ತೆ ನುಂಗುವವರು ಹೆಚ್ಚು. ಆ ದಿನಗಳನ್ನು ದಾಟಿದರೆ ಬಹಳ ಜನರಿಗೆ ಇಳಿಯುತ್ತದೆ. ಹಾಗಂತ ಓಪಿಯಾಯ್ಡ್‌ಗಳನ್ನು ಒಮ್ಮೆಗೇ ನಿಲ್ಲಿಸಬಾರದು. ಯಾವ ದಿನ ಯಾವ ಮಾತ್ರೆ ನುಂಗಿದಿರಿ ಅಂತ ಒಂದು ತಿಂಗಳು ಬರೆದಿಟ್ಟುಕೊಂಡು ಹೋಗಿ. ಯಾವುದನ್ನು ತಕ್ಷಣ ಬಿಡಬಹುದು, ಯಾವುದನ್ನು ನಿಧಾನಕ್ಕೆ ಇಳಿಸಬೇಕು ಅನ್ನುವುದನ್ನು ಡಾಕ್ಟರು ಅದನ್ನು ನೋಡಿ ಹೇಳುತ್ತಾರೆ.