ಆಯ ತಪ್ಪಿದ್ದು ಯಾರದ್ದು?

ಮೊನ್ನೆ ಮತ್ತೆ ಅದೇ ಹೆಡ್ಡಿಂಗು. ‘ಏಣಿಯಿಂದ ಆಯತಪ್ಪಿ ಬಿದ್ದು ಎಲೆಕ್ಟ್ರಿಷಿಯನ್ ಸಾವು.’ ಸುದ್ದಿ ಇದ್ದದ್ದು ನಾಲ್ಕೇ ಸಾಲು. ಏಣಿ ಎಂಥದ್ದು, ಯಾವ ನೆಲದ ಮೇಲೆ ನಿಲ್ಲಿಸಿದ್ದರು, ಕೆಳಗೆ ಯಾರಾದರೂ ಹಿಡಿದಿದ್ದರಾ, ಒಂದೂ ಇಲ್ಲ. ಆಯತಪ್ಪಿ ಅಂತ ಬರೆದಾದ ಮೇಲೆ ಇನ್ನು ಕೇಳುವುದೇನಿದೆ ಅನ್ನುವ ಹಾಗೆ.

ಮೊದಲು ಪದದ ಕಥೆ. ಇದನ್ನು ‘ಆಯಾ ತಪ್ಪಿ’ ಅಂತ ಬರೆಯುವವರಿದ್ದಾರೆ. ಆಯಾ ಅಂದರೆ ಮಗು ನೋಡಿಕೊಳ್ಳುವವಳು. ಆಕೆ ಕೆಲಸ ತಪ್ಪಿಸಿದರೆ ಅದು ಬೇರೆ ಸುದ್ದಿ. ಟ್ರೈನಿಂಗಿಗೆ ಬಂದಿದ್ದ ಹುಡುಗನೊಬ್ಬ ‘ಆಯತ, ಅಪ್ಪಿ’ ಅಂತ ಬಿಡಿಸಿ ಓದಿದ್ದ. ಏಣಿಯೂ ಉದ್ದನೆ ಆಯತವೇ ಅಲ್ವಾ ಸಾರ್, ಅಪ್ಪಿಕೊಂಡೇ ಬಿದ್ದಿರ್ತಾನೆ ಅಂದ. ನಗು ಬಂತು, ನಿಜ. ಆದರೆ ಬಿಡಿಸಬೇಕಾದ್ದು ಆಯ, ತಪ್ಪಿ.

ಆಯವ್ಯಯದಲ್ಲಿರುವ ಆಯ ಅಂದರೆ ವರಮಾನ. ಅದನ್ನು ಇಲ್ಲಿಗೆ ಎಳೆಯುವುದು ಬೇಡ. ನಮ್ಮ ಆಯ ಅಂದರೆ ಅಳತೆ, ಹದ, ಇರಬೇಕಾದ ನೆಲೆ. ಮನೆ ಕಟ್ಟುವಾಗ ಆಯ ನೋಡಿಸುತ್ತೇವಲ್ಲ, ಧ್ವಜಾಯ, ಗಜಾಯ, ವೃಷಭಾಯ ಅಂತ, ಅದೂ ಉದ್ದಗಲದ ಲೆಕ್ಕವೇ. ಕೆರೆಯ ಅಚ್ಚುಕಟ್ಟಿಗೆ ಆಯಕಟ್ಟು ಅನ್ನುತ್ತೇವೆ. ಹಳ್ಳಿ ಕಡೆ ‘ಆಯದ ಜಾಗಕ್ಕೆ ಪೆಟ್ಟು ಬಿತ್ತು’ ಅಂದರೆ ಬೀಳಬಾರದ ಜಾಗಕ್ಕೇ ಬಿತ್ತು ಅಂತ. ಎಲ್ಲದರಲ್ಲೂ ಒಂದು ನೆಲೆಯ ಮಾತಿದೆ. ಆ ನೆಲೆ ಕೈಬಿಟ್ಟರೆ ಆಯ ತಪ್ಪಿತು.

ಇನ್ನು ‘ತಪ್ಪಿ’. ಕಿರಿಕಿರಿ ಶುರುವಾಗುವುದು ಇಲ್ಲೇ. ತಪ್ಪು ಅಂದ ಕೂಡಲೇ ನಮ್ಮ ಕಿವಿಗೆ ಅಪರಾಧ ಕೇಳಿಸುತ್ತದೆ. ಆದರೆ ಬಸ್ಸು ತಪ್ಪಿತು ಅಂದಾಗ ಯಾರ ತಪ್ಪು ಅಂತ ಆ ಮಾತು ಹೇಳುವುದಿಲ್ಲ. ನಾವು ತಡವಾಗಿ ಹೋಗಿರಬಹುದು, ಬಸ್ಸೇ ಹತ್ತು ನಿಮಿಷ ಮುಂಚೆ ಹೊರಟಿರಬಹುದು. ಆಯತಪ್ಪಿ ಅನ್ನುವುದೂ ಹಾಗೇ. ಬೀಳುವ ಕೊನೆಯ ಒಂದು ಸೆಕೆಂಡಿನಲ್ಲಿ ಏನಾಯಿತು ಅಂತ ಅಷ್ಟೇ ಅದು ಹೇಳುತ್ತದೆ, ಯಾಕಾಯಿತು ಅಂತ ಹೇಳುವುದಿಲ್ಲ. ಕರೆಂಟ್ ಹೊಡೆದು ಬಿದ್ದವನೂ ಕೊನೆಗೆ ಆಯತಪ್ಪಿಯೇ ಬೀಳುತ್ತಾನೆ! ಅಲ್ಯೂಮಿನಿಯಂ ಏಣಿ ಹಾಕಿ, ಲೈನ್ ಆಫ್ ಮಾಡದೆ ಹತ್ತಿಸಿ, ಆಮೇಲೆ ಆಯತಪ್ಪಿದ ಅಂತ ಬರೆದರೆ ಆ ಶಾಕ್ ಎಲ್ಲಿ ಹೋಯಿತು?

ಇನ್ನೂ ಒಂದು ವಿಷಯ. ಆಯ ಇರುವುದು ಮನುಷ್ಯನಿಗೆ ಮಾತ್ರ ಅಲ್ಲ, ಏಣಿಗೂ ಇದೆ. ಗೋಡೆಗೆ ಒರಗಿಸುವ ಏಣಿಗೆ 4ಕ್ಕೆ 1ರ ಲೆಕ್ಕ. ಏಣಿಯ ತಲೆ ತಾಗುವ ಜಾಗ 16 ಅಡಿ ಎತ್ತರದಲ್ಲಿದ್ದರೆ ಅದರ ಕಾಲು ಗೋಡೆಯಿಂದ 4 ಅಡಿ ದೂರ ಇರಬೇಕು, ಅಂದರೆ ಸುಮಾರು 75 ಡಿಗ್ರಿ. ಕಾಲು ಗೋಡೆಗೆ ಜಾಸ್ತಿ ಹತ್ತಿರ ಬಂದರೆ ಏಣಿ ಹಿಂದಕ್ಕೆ ಮಗುಚುತ್ತದೆ, ಜಾಸ್ತಿ ದೂರ ಹೋದರೆ ಬುಡ ಜಾರುತ್ತದೆ. ಟೇಪ್ ಬೇಕಿಲ್ಲ. ಏಣಿಯ ಕಾಲಿಗೆ ಕಾಲ್ಬೆರಳು ತಾಗಿಸಿ ನೇರ ನಿಂತು ಕೈ ಮುಂದೆ ಚಾಚಿ. ಎದುರಿನ ಮೆಟ್ಟಿಲು ಅಂಗೈಗೆ ಸಿಕ್ಕರೆ ಆಯ ಸರಿಯಿದೆ. ಮಹಡಿಗೆ ಹತ್ತುವುದಾದರೆ ಏಣಿಯ ತಲೆ ಅಂಚಿನಿಂದ ಸುಮಾರು 3 ಅಡಿ ಮೇಲಿರಬೇಕು, ಇಳಿಯುವಾಗ ಹಿಡಿಯಲು. ಇನ್ನು ಪಕ್ಕಕ್ಕೆ ವಾಲುವುದು. ಬೆಲ್ಟಿನ ಬಕಲ್ ಏಣಿಯ ಎರಡು ಕಂಬದ ನಡುವೆಯೇ ಇರಬೇಕು. ಅದು ಆಚೆ ಹೋಯಿತೋ, ಏಣಿಯೂ ಹೋಯಿತು.

ನಾನು ಮೇಂಟೆನೆನ್ಸ್‌ನಲ್ಲಿದ್ದ ಕಾರ್ಖಾನೆಯೊಂದರಲ್ಲಿ ಟ್ಯೂಬ್‌ಲೈಟ್ ಬದಲಿಸುತ್ತಿದ್ದ ಹುಡುಗ 12 ಅಡಿಯ ಏಣಿಯಿಂದ ಬಿದ್ದು ಮುಂಗೈ ಮುರಿದುಕೊಂಡ. ನಾನು ಹೋಗುವಷ್ಟರಲ್ಲಿ ರಿಜಿಸ್ಟರಿನ ‘ಕಾರಣ’ ಅನ್ನುವ ಕಾಲಮ್ಮಿನಲ್ಲಿ ‘ಆಯತಪ್ಪಿ ಬಿದ್ದಿದ್ದು’ ಅಂತ ಬರೆದಾಗಿತ್ತು. ಏಣಿ ಅಲ್ಲೇ ಮಲಗಿತ್ತು. ಬಲಗಾಲಿಗೆ ರಬ್ಬರ್ ಬುಷ್ ಇತ್ತು. ಎಡಗಾಲಿಗೆ ಯಾರೋ ಸೈಕಲ್ ಟ್ಯೂಬ್ ಸುತ್ತಿ ಬೈಂಡಿಂಗ್ ವೈರ್ ಕಟ್ಟಿದ್ದರು, ಅದೂ ಸವೆದು ಲೋಹ ಕಾಣುತ್ತಿತ್ತು. ಕೆಳಗೆ ನುಣ್ಣನೆ ಪೇಂಟ್ ಬಳಿದ ನೆಲ, ಅದರ ಮೇಲೆ ಏಸಿಯಿಂದ ತೊಟ್ಟಿಕ್ಕಿದ ನೀರು. ಆ ನೀರಿನಲ್ಲಿ ಒಂದು ಗೇಣುದ್ದದ ಕಪ್ಪು ಗೀರು, ಎಡಗಾಲು ಜಾರಿದ ದಾರಿ. ಹುಡುಗ ಅಷ್ಟು ನೋವಿನಲ್ಲೂ ಒಂದೇ ಮಾತು ಹೇಳುತ್ತಿದ್ದ: ‘ಸಾರ್, ನಾನು ಜಾರ್ಲಿಲ್ಲ, ಏಣಿ ಜಾರ್ತು.’

ಅವನಿಗೆ ವ್ಯಾಕರಣ ನಮಗಿಂತ ಚೆನ್ನಾಗಿ ಗೊತ್ತಿತ್ತು. ‘ಏಣಿ ಜಾರಿ ಬಿದ್ದ’ ಮತ್ತು ‘ಕಾಲು ಜಾರಿ ಬಿದ್ದ’ ಬೇರೆ ಬೇರೆ. ‘ಮೆಟ್ಟಿಲು ಮುರಿದು ಬಿದ್ದ’ ಇನ್ನೂ ಬೇರೆ. ಇಷ್ಟು ಮಾತು ಕೈಯಲ್ಲಿರುವಾಗ ಎಲ್ಲದಕ್ಕೂ ಆಯತಪ್ಪಿ ಬಳಿಯುವುದು ಸೋಮಾರಿತನ. ಕೆಲವೊಮ್ಮೆ ಅದು ಸೋಮಾರಿತನವೂ ಅಲ್ಲ, ಅನುಕೂಲ.

1948ರ ಕಾರ್ಖಾನೆಗಳ ಕಾಯ್ದೆಯ 32ನೇ ಸೆಕ್ಷನ್ನಿಗೆ ಎತ್ತರದ ಕೆಲಸದ ಮಾತು ಬರೆದವರಿಗೆ ಈ ಗೊಂದಲ ಇರಲಿಲ್ಲ. ಬೀಳುವ ಸಾಧ್ಯತೆ ಇರುವ ಎತ್ತರದಲ್ಲಿ ಯಾರಾದರೂ ಕೆಲಸ ಮಾಡಬೇಕಿದ್ದರೆ, ಆದಷ್ಟು ಮಟ್ಟಿಗೆ ತಡೆಬೇಲಿಯನ್ನೋ ಬೇರೆ ವ್ಯವಸ್ಥೆಯನ್ನೋ ಮಾಡಿಕೊಡಬೇಕು ಅಂತ ಬರೆದರು. ಮನುಷ್ಯನ ಆಯ ತಪ್ಪುವುದೇ ಅಂತ ಒಪ್ಪಿಕೊಂಡು ಬರೆದ ಮಾತು ಅದು.

ಪದವೇ ಬೇಡ ಅಂತಲ್ಲ. ಕುಂಟೆಬಿಲ್ಲೆ ಆಡುವಾಗ ಆಯತಪ್ಪಿ ಬಿದ್ದಳು ಅನ್ನಿ, ಸೊಗಸಾಗಿದೆ. ನಾನು ಆವತ್ತು ರಿಜಿಸ್ಟರಿನಲ್ಲಿ ಅದನ್ನು ಹೊಡೆದು ಹಾಕಿ ‘ಏಣಿಯ ಎಡಗಾಲಿಗೆ ರಬ್ಬರ್ ಇರಲಿಲ್ಲ, ನೆಲ ಒದ್ದೆಯಿತ್ತು’ ಅಂತ ಬರೆಸಿದೆ. ಬರೆದವರಿಗೆ ಸ್ವಲ್ಪ ಸಿಟ್ಟು ಬಂತು. ಮೂರು ದಿನದಲ್ಲಿ ಸ್ಟೋರಿಗೆ ರಬ್ಬರ್ ಬುಷ್ ಬಂತು, ಏಸಿಯ ಡ್ರೈನ್ ಪೈಪನ್ನೂ ಹೊರಗೆ ತಿರುಗಿಸಿದರು.