ಕೆಟ್ಟಿರುವುದು ಕೂಲಂಟ್ ಸೆನ್ಸರೋ, ಅದರ ವೈರೋ?

ಎಂಜಿನ್ ತಂಪಾಗಿಡುವ ದ್ರವದ, ಅಂದರೆ ಕೂಲಂಟ್‌ನ, ಬಿಸಿ ಅಳೆಯುವ ಕೂಲಂಟ್ ಟೆಂಪರೇಚರ್ ಸೆನ್ಸರ್ ದಾವಣಗೆರೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಬೆಲೆಯೂ ಅಂಥಾ ಜಾಸ್ತಿ ಇಲ್ಲ. ಅದಕ್ಕೇ ಸ್ಕ್ಯಾನರ್‌ನಲ್ಲಿ ಪಿ0118 ಅನ್ನುವ ದೋಷದ ಕೋಡ್ ಕಂಡ ಕೂಡಲೇ ಸೆನ್ಸರ್ ಬಿಚ್ಚಿ ಹೊಸದು ಹಾಕಿಬಿಡುತ್ತಾರೆ. ಎರಡು ದಿನಕ್ಕೆ ಚೆಕ್ ಎಂಜಿನ್ ಲೈಟ್ ಮತ್ತೆ ಹತ್ತುತ್ತದೆ. ಆ ಕೋಡ್ ಸೆನ್ಸರ್ ಹಾಳಾಗಿದೆ ಅಂತ ಹೇಳುವುದೇ ಇಲ್ಲ. ಸಿಗ್ನಲ್ ವೋಲ್ಟೇಜ್ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ ಅನ್ನುತ್ತದೆ, ಅಷ್ಟೇ. ಕಾರಣ ಹುಡುಕುವುದು ನಮ್ಮ ಕೆಲಸ.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ಸೆನ್ಸರ್ ಒಳಗಿರುವುದು ಒಂದು ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಹಲವು ಕಾರುಗಳಲ್ಲಿ 20 ಡಿಗ್ರಿಗೆ ಸುಮಾರು 2500 ಓಮ್, 80 ಡಿಗ್ರಿಗೆ ಸುಮಾರು 320 ಓಮ್. ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಎಂ, ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸುತ್ತದೆ, ಸೆನ್ಸರ್ ಮೇಲೆ ಎಷ್ಟು ವೋಲ್ಟ್ ಉಳಿಯಿತು ಅಂತ ನೋಡಿ ಬಿಸಿ ಲೆಕ್ಕ ಹಾಕುತ್ತದೆ. ತಣ್ಣಗಿದ್ದರೆ ವೋಲ್ಟೇಜ್ ಜಾಸ್ತಿ, ಬಿಸಿಯಾದರೆ ಕಡಿಮೆ. ವೈರ್ ತುಂಡಾದರೆ ಪೂರ್ತಿ 5 ವೋಲ್ಟ್ ಕಾಣುತ್ತದೆ, ಇಸಿಎಂ ಅದನ್ನು ಮೈನಸ್ 40 ಡಿಗ್ರಿ ಅಂದುಕೊಳ್ಳುತ್ತದೆ. ಚಿತ್ರದುರ್ಗದ ಬಿಸಿಲಲ್ಲಿ ನಿಂತ ಗಾಡಿ ಮೈನಸ್ 40 ತೋರಿಸಿದರೆ ಅನುಮಾನವೇ ಬೇಡ, ಸರ್ಕ್ಯೂಟ್ ಎಲ್ಲೋ ತೆರೆದುಕೊಂಡಿದೆ. ಶಾರ್ಟ್ ಆದರೆ ಉಲ್ಟಾ: 130 ಡಿಗ್ರಿ ದಾಟುತ್ತದೆ, ವೋಲ್ಟೇಜ್ ಕಡಿಮೆ ಇದೆ ಅನ್ನುವ ಪಿ0117 ಕೋಡ್ ಬರುತ್ತದೆ.

ಎಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಎಂ ತಪ್ಪು ತಿಳಿದರೆ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಬಿದ್ದುಹೋದ ಮೈಲೇಜ್. ತಣ್ಣಗಿರುವ ಎಂಜಿನ್ ಬಿಸಿ ಇದೆ ಅಂದುಕೊಂಡರೆ ಬೆಳಿಗ್ಗೆ ಸೆಲ್ಫ್ ಹೊಡೆದಷ್ಟೂ ಸ್ಟಾರ್ಟ್ ಆಗದು. ನಮ್ಮ ಕಡೆ ಬೇಸಿಗೆಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಡಿಸೆಂಬರ್ ಚಳಿಗೆ ಬಯಲಾಗುತ್ತದೆ. ಕೋಡ್ ಬಂದ ಮೇಲೆ ಹಲವು ಗಾಡಿಗಳಲ್ಲಿ ರೇಡಿಯೇಟರ್ ಫ್ಯಾನ್ ಬಿಡದೆ ತಿರುಗುತ್ತದೆ. ಅದು ಎಂಜಿನ್ ಕಾಯಲು ಇಸಿಎಂ ಮಾಡುವ ಉಪಾಯ, ಫ್ಯಾನ್ ರಿಲೇ ಬಿಚ್ಚಲು ಹೋಗಬೇಡಿ.

ಈಗ ಪರೀಕ್ಷೆ. ಇಗ್ನಿಷನ್ ಆನ್ ಮಾಡಿ, ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ತೆರೆದು, ಸೆನ್ಸರ್‌ಗೆ ವೈರ್ ಜೋಡಿಸುವ ಕಪ್ಲರ್ ಎಳೆದು ಬಿಡಿಸಿ. ಓದಿಕೆ ಮೈನಸ್ 40ರ ಹತ್ತಿರ ಇಳಿಯಬೇಕು. ಆಮೇಲೆ ಕಪ್ಲರ್‌ನ ಎರಡು ಪಿನ್‌ಗಳನ್ನು ಸಣ್ಣ ವೈರ್‌ನಿಂದ ಸೇರಿಸಿ. ಓದಿಕೆ 130 ದಾಟಬೇಕು. ಎರಡೂ ಆದರೆ ವೈರಿಂಗ್ ಮತ್ತು ಇಸಿಎಂ ಬಹುಮಟ್ಟಿಗೆ ಸರಿ, ಸೆನ್ಸರ್ ಅಥವಾ ಅದರ ಪಿನ್ ಮೇಲೆ ಅನುಮಾನ ಪಡಬಹುದು. ಕಪ್ಲರ್ ತೆಗೆದರೂ ಓದಿಕೆ ಇಳಿಯದಿದ್ದರೆ ಸಿಗ್ನಲ್ ವೈರ್ ಎಲ್ಲೋ ಗಾಡಿಯ ಲೋಹದ ಮೈಗೆ ತಾಗುತ್ತಿದೆ. ಪಿನ್ ಸೇರಿಸಿದರೂ ಏರದಿದ್ದರೆ ಸಿಗ್ನಲ್ ಪಿನ್ನನ್ನು ನೇರ ಬ್ಯಾಟರಿ ನೆಗೆಟಿವ್‌ಗೆ ಮುಟ್ಟಿಸಿ. ಆಗ ಏರಿದರೆ ಸೆನ್ಸರ್‌ನ ಅರ್ಥ್ ವೈರ್ ಕಟ್ ಆಗಿದೆ. ಎರಡು ಪಿನ್ ಇರುವ ಸೆನ್ಸರ್‌ಗೆ ಮಾತ್ರ ಹೀಗೆ ಮಾಡಿ. ಮೂರು ಪಿನ್ ಇದ್ದರೆ ಡಯಾಗ್ರಾಂ ನೋಡದೆ ಏನನ್ನೂ ಸೇರಿಸಬೇಡಿ. ಕೆಲವು ಇಸಿಎಂಗಳು ಕೋಡ್ ಬಂದ ಮೇಲೆ ನಿಜವಾದ ಓದಿಕೆ ಬದಲು ಒಂದು ಊಹೆಯ ಅಂಕಿ ತೋರಿಸುತ್ತವೆ. ಅಂಥ ಕಡೆ ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ನೋಡುವುದೇ ಒಳ್ಳೆಯದು.

ಕೋಡೇ ಇಲ್ಲದೆ ಓದಿಕೆ ಮಾತ್ರ ತಪ್ಪಿರುವ ಗಾಡಿ ಜಾಸ್ತಿ ಕಾಡುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕೂಲಂಟ್ ಮತ್ತು ಗಾಳಿಯ ಟೆಂಪರೇಚರ್ ಹೋಲಿಸಬೇಕು, ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು ಅಂತ ಎಲ್ಲರೂ ಕಲಿತಿರುತ್ತೇವೆ ಅಲ್ವಾ? ಒಳ್ಳೆಯ ಪರೀಕ್ಷೆಯೇ, ಆದರೆ ಅರ್ಧ ಮಾತ್ರ. ಲೆಕ್ಕ ಹಾಕಿ ನೋಡಿ. ಕಪ್ಲರ್ ಪಿನ್‌ಗೆ ಕಿಲುಬು ಹಿಡಿದು 500 ಓಮ್ ಸೇರಿಕೊಂಡಿದೆ ಅಂತಿಟ್ಟುಕೊಳ್ಳಿ. ತಣ್ಣಗಿದ್ದಾಗ 2500 ಇದ್ದದ್ದು 3000 ಆಗುತ್ತದೆ. 20 ಡಿಗ್ರಿ ಬದಲು 15 ತೋರಿಸುತ್ತದೆ, ಯಾರೂ ಗಮನಿಸುವುದಿಲ್ಲ. ಬಿಸಿಯಾದಾಗ 320 ಇದ್ದದ್ದು 820 ಆಗುತ್ತದೆ. 80 ಡಿಗ್ರಿ ಇರುವ ಎಂಜಿನ್ 50 ಅನ್ನುತ್ತದೆ! ಬೆಳಗಿನ ಪರೀಕ್ಷೆಯಲ್ಲಿ ಪಾಸಾದ ಗಾಡಿ ದಿನವಿಡೀ ಪೆಟ್ರೋಲ್ ಕುಡಿಯುತ್ತಿರುತ್ತದೆ.

ಕಪ್ಲರ್ ಒಳಗೆ ನೀರು ಸೇರಿ ಎರಡು ಪಿನ್ ನಡುವೆ 5000 ಓಮ್‌ನಷ್ಟು ಕರೆಂಟ್ ದಾರಿ ಆದರೆ ಕಥೆ ತಿರುಗಿ ಬೀಳುತ್ತದೆ. ತಣ್ಣಗಿದ್ದಾಗ 2500 ಹೋಗಿ ಸುಮಾರು 1670 ಆಗುತ್ತದೆ, ಅಂದರೆ 20ರ ಬದಲು 30 ಡಿಗ್ರಿ. ಬಿಸಿಯಲ್ಲಿ 320 ಹೋಗಿ 300, ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಹಾಗಾಗಿ ತಣ್ಣಗೆ ಸರಿ ಇದ್ದು ಬಿಸಿಯಲ್ಲಿ ತಪ್ಪಿದರೆ ಕಿಲುಬು ಹುಡುಕಿ, ಬಿಸಿಯಲ್ಲಿ ಸರಿ ಇದ್ದು ತಣ್ಣಗೆ ತಪ್ಪಿದರೆ ತೇವ ಹುಡುಕಿ.

ಸೆನ್ಸರ್ ಬಿಚ್ಚಿ ಬಿಸಿನೀರಲ್ಲಿ ಇಟ್ಟು ಅಳೆಯುವುದಾದರೆ ಎಂಜಿನ್ ತಣ್ಣಗಾದ ಮೇಲೆಯೇ ಬಿಚ್ಚಿ. ಜೊತೆಗೆ ಥರ್ಮಾಮೀಟರ್ ಇರಲಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಇಲ್ಲಿ ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕೂಲಂಟ್ ಬದಲು ಬೋರ್‌ವೆಲ್ ನೀರು ಕುಡಿದ ಗಾಡಿಯಾದರೆ ಸೆನ್ಸರ್ ತುದಿಗೆ ಬಿಳಿ ಗಟ್ಟಿ ಪದರ ಕೂತಿರುತ್ತದೆ, ಓದಿಕೆ ತಡವಾಗಿ ಏರುತ್ತದೆ. ಕೂಲಂಟ್ ಕಡಿಮೆಯಾಗಿ ತುದಿ ಗಾಳಿಯಲ್ಲಿ ಉಳಿದರೆ ಇನ್ನೂ ಅಪಾಯ. ಎಂಜಿನ್ ಕುದಿಯುತ್ತಿದ್ದರೂ ಮೀಟರ್ ಮುಳ್ಳು ಕೆಳಗೇ ಇರಬಹುದು.

ಇನ್ನೊಂದು, ಬಿಸಿಲಿಗೆ ಹೆದರಿ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್, ತೆಗೆದೇಬಿಡುವ ಅಭ್ಯಾಸ. ಅಂಥ ಗಾಡಿಯನ್ನು ಚಿತ್ರದುರ್ಗದಿಂದ ಹಿರಿಯೂರಿಗೆ ಹೈವೇಯಲ್ಲಿ ಓಡಿಸಿದರೆ ಕೂಲಂಟ್ ಸರಿಯಾಗಿ ಬಿಸಿಯೇ ಆಗದೆ ಪಿ0128 ಬರಬಹುದು. ಆಗ ಸೆನ್ಸರ್ ನಿಜವನ್ನೇ ಹೇಳುತ್ತಿರುತ್ತದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್‌ನ ಮೇಲಿನ ಪೈಪ್ ಮುಟ್ಟಿ ನೋಡಿ. ವಾಲ್ವ್ ಸರಿ ಇದ್ದರೆ ಅದು ತುಂಬಾ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಶುರುವಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಬಂದರೆ ವಾಲ್ವ್ ತೆರೆದೇ ಉಳಿದಿದೆ, ಇಲ್ಲವೇ ಯಾರೋ ಅದನ್ನು ತೆಗೆದಿದ್ದಾರೆ.